ಸಂಜೆ ಯಾರ ಪಾಲು?

ಪಿಯುಸಿ ಫಲಿತಾಂಶ ಬಂದು ಡಿಗ್ರಿ ಅಡ್ಮಿಷನ್ ಶುರುವಾಯಿತೆಂದರೆ ಹೊಸಪೇಟೆಯ ಕಾಲೇಜು ಕಚೇರಿಗಳ ಕಿಟಕಿ ಮುಂದೆ ನಿಂತವರ ಬಾಯಲ್ಲಿ ಮೂರೇ ಮಾತು: ಬಸ್ ಪಾಸೋ, ರೂಮೋ, ಹಾಸ್ಟೆಲೋ? ಬಿ.ಎ. ಓದಬೇಕೇ ಬಿ.ಕಾಂ. ಓದಬೇಕೇ ಎಂಬುದು ಹೆಚ್ಚಾಗಿ ಊರಲ್ಲೇ ತೀರ್ಮಾನವಾಗಿರುತ್ತದೆ. ತೀರ್ಮಾನವಾಗದೆ ಉಳಿದಿರುವುದು ಮಕ್ಕಳು ರಾತ್ರಿ ಎಲ್ಲಿ ಮಲಗಬೇಕು ಎಂಬುದೊಂದೇ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವವರಿಗೆ ಈ ಗೊಂದಲವಿಲ್ಲ. ಮುನ್ನೂರು ಕಿಲೋಮೀಟರಿಗೂ ಮೀರಿದ ದೂರ ಅವರ ಪರವಾಗಿ ತಾನೇ ತೀರ್ಮಾನ ಕೊಟ್ಟುಬಿಡುತ್ತದೆ. ತೊಡಕಿರುವುದು ನಮ್ಮ ಸುತ್ತಲಿನ ಊರುಗಳವರಿಗೆ. ಕಂಪ್ಲಿ ಸುಮಾರು ಮೂವತ್ತು ಕಿಲೋಮೀಟರು, ಸಂಡೂರು ಹೆಚ್ಚುಕಡಿಮೆ ಅಷ್ಟೇ. ದಿನಾ ಹೋಗಿಬರಲು ಆಗದಷ್ಟು ದೂರವಲ್ಲ; ಹೋಗಿಬಂದು ಮತ್ತೆ ಪುಸ್ತಕ ಹಿಡಿಯುವಷ್ಟು ಹತ್ತಿರವೂ ಅಲ್ಲ.

ಕಾಲೇಜಿನಲ್ಲಿ ಪಾಠ ಹೇಳುತ್ತ ಬಂದವನಾದ್ದರಿಂದ ಈ ಚರ್ಚೆಗಳಿಗೆ ನಾನು ಪ್ರತಿವರ್ಷ ಕಿವಿಯಾಗಿದ್ದೇನೆ. ಅಪ್ಪಂದಿರು ಲೆಕ್ಕ ಹಾಕುವ ರೀತಿ ಬಲು ಚೊಕ್ಕ. ಪಾಸಿಗೆ ಇಷ್ಟು, ರೂಮಿನ ಬಾಡಿಗೆ ಇಷ್ಟು, ಗ್ಯಾಸಿಗೆ ಇಷ್ಟು, ಪಿಜಿಯಾದರೆ ಅಡ್ವಾನ್ಸ್ ಬೇರೆ. ಸರ್ಕಾರಿ ಹಾಸ್ಟೆಲ್ ಸಿಕ್ಕರೆ ಪುಕ್ಕಟೆ, ಆದರೆ ಸಿಗುತ್ತದೆಂಬ ಖಾತ್ರಿಯಿಲ್ಲ. ಎಲ್ಲವೂ ರೂಪಾಯಿ ಮತ್ತು ಕಿಲೋಮೀಟರಿನಲ್ಲಿ. ಇಷ್ಟು ವರ್ಷ ಈ ಲೆಕ್ಕಗಳನ್ನು ಕೇಳಿ, ಅವುಗಳ ಫಲವನ್ನು ಎದುರಿನ ಬೆಂಚುಗಳಲ್ಲಿ ಕಂಡ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಅಳೆಯಬೇಕಾದದ್ದು ಸಂಜೆ ಆರರಿಂದ ರಾತ್ರಿ ಹತ್ತರವರೆಗಿನ ಹೊತ್ತನ್ನು.

ಕಾಲೇಜಿನ ಹೊತ್ತು ಎಲ್ಲರಿಗೂ ಒಂದೇ. ನಿದ್ದೆಯೂ ಹೆಚ್ಚುಕಡಿಮೆ ಒಂದೇ. ಒಬ್ಬ ವಿದ್ಯಾರ್ಥಿಗೂ ಇನ್ನೊಬ್ಬನಿಗೂ ಫರಕು ಬೀಳುವುದು ಈ ನಾಲ್ಕು ತಾಸಿನಲ್ಲಿ. ವರ್ಷಕ್ಕೆ 200 ದಿನ ಎಂದಿಟ್ಟುಕೊಂಡರೂ 800 ತಾಸು. ಡಿಗ್ರಿಯ ಮೂರು ವರ್ಷಕ್ಕೆ 2400 ತಾಸು. ಮನೆಯಲ್ಲಿ ಓದಿಸುವವರಿಲ್ಲದ, ಅಪ್ಪ-ಅವ್ವ ಶಾಲೆ ಕಾಣದ ಮಕ್ಕಳಿಗೆ ನಿಜವಾದ ಕಾಲೇಜು ನಡೆಯುವುದು ಆಗಲೇ. ಅದು ಯಾರ ಕೈಗೆ ಹೋಗುತ್ತದೆ ಎಂಬುದರ ಮೇಲೆ ಆ ಡಿಗ್ರಿಯ ತೂಕ ನಿಂತಿದೆ.

ಹಾಸ್ಟೆಲ್ ಕಟ್ಟಿದ ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. 1897ರಲ್ಲಿ ಮಂಗಳೂರಿನಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದ ಕುದ್ಮುಲ್ ರಂಗರಾಯರು ಶಾಲೆಗಳ ಜೊತೆಗೆ ಮಕ್ಕಳು ಉಳಿದುಕೊಳ್ಳುವ ವಸತಿಯನ್ನೂ ಮಾಡಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು 1917ರಲ್ಲಿ ಉಚಿತ ಪ್ರಸಾದನಿಲಯ ತೆರೆದರು. ಹಳ್ಳಿಯಿಂದ ಬಂದ ಎಷ್ಟೋ ಹುಡುಗರಿಗೆ ಅಲ್ಲಿನ ಊಟವೇ ಕಾಲೇಜಿನ ಬಾಗಿಲು ತೆರೆಯಿತು. ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ಬಾಡಿಗೆ ರೂಮಿನಲ್ಲಿ ಕಾಯಿಲೆ ಬಿದ್ದಾಗ ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ರಾಮಕೃಷ್ಣಾಶ್ರಮಕ್ಕೆ ಕರೆದೊಯ್ದು ಇರಿಸಿಕೊಂಡರು. ಮುಂದೆ ವರ್ಷಗಟ್ಟಲೆ ಅವರು ಬೆಳೆದದ್ದು ಅಲ್ಲೇ. ಆಮೇಲೆ ಬಂದದ್ದು ದೇವರಾಜ ಅರಸರ ಕಾಲ. ಎಲ್.ಜಿ. ಹಾವನೂರರ ಆಯೋಗ 1975ರಲ್ಲಿ ವರದಿ ಕೊಟ್ಟಿತು, 1977ರಲ್ಲಿ ಹಿಂದುಳಿದ ವರ್ಗಗಳ ಇಲಾಖೆ ಬಂತು, 'ಬಿಸಿಎಂ ಹಾಸ್ಟೆಲ್' ಎಂಬ ಹೆಸರು ತಾಲೂಕು ತಾಲೂಕಿನಲ್ಲಿ ಮನೆಮಾತಾಯಿತು. ಮಠದ್ದಿರಲಿ, ಮಿಷನ್ನಿನದಿರಲಿ, ಸರ್ಕಾರದ್ದಿರಲಿ, ಕೊಟ್ಟದ್ದು ಮಾತ್ರ ಒಂದೇ: ನೀನು ಒಲೆ ಹಚ್ಚಬೇಡ, ದನ ಕಟ್ಟಬೇಡ, ನೀರು ಹೊರಬೇಡ, ಕೂತು ಓದು.

ಈಗ ಆ ಹಾಸ್ಟೆಲಿಗೆ ಸೇರುವ ದಾರಿ ನೋಡಿ. ಅರ್ಜಿ ಆನ್‌ಲೈನ್. ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ ಆಗಿರಬೇಕು, ಅದರ ಆರ್‌ಡಿ ನಂಬರ್ ಬೇಕು, ಆಧಾರಿನಲ್ಲಿರುವ ಹೆಸರೂ ಮಾರ್ಕ್ಸ್ ಕಾರ್ಡಿನಲ್ಲಿರುವ ಹೆಸರೂ ಒಂದೇ ಆಗಿರಬೇಕು. ಸೈಬರ್ ಸೆಂಟರಿನ ಹುಡುಗ 'ಸರ್ವರ್ ಡೌನ್' ಎಂದರೆ ಕಂಪ್ಲಿಯಿಂದ ಬಂದವರು ಮತ್ತೊಂದು ದಿನ ಬರಬೇಕು. ಆಮೇಲೆ ಮೊದಲ ಲಿಸ್ಟು, ಎರಡನೇ ಲಿಸ್ಟು. ಕಾಲೇಜು ಶುರುವಾಗಿ ಮೊದಲ ಇಂಟರ್ನಲ್ಸ್ ಹತ್ತಿರ ಬಂದರೂ ಹಾಸ್ಟೆಲ್ ಸೀಟಿನ ಸುದ್ದಿ ಬಾರದವರನ್ನು ನಾನು ಕಂಡಿದ್ದೇನೆ. ಅಂಥವರು ಅಲ್ಲಿಯವರೆಗೆ ನೆಂಟರ ಮನೆ, ಗೆಳೆಯರ ರೂಮು, ಇಲ್ಲವೇ ಬಸ್ಸು. 'ಹಾಸ್ಟೆಲ್ ಆರಿಸಿಕೊಳ್ಳೋದು ಹೇಗೆ' ಎಂದು ಇವರನ್ನು ಕೇಳಿದರೆ ನಕ್ಕಾರು. ಇವರು ಆರಿಸಿಕೊಳ್ಳುವುದಿಲ್ಲ, ಲಿಸ್ಟು ಇವರನ್ನು ಆರಿಸಿಕೊಳ್ಳುತ್ತದೆ. 2013-14ರಲ್ಲಿ ಬಂದ ವಿದ್ಯಾಸಿರಿ ಯೋಜನೆ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಕೊಡತೊಡಗಿತು. ಒಳ್ಳೆಯ ಯೋಜನೆಯೇ. ಆದರೆ ರೊಕ್ಕದಿಂದ ರೂಮು ಸಿಗುತ್ತದೆ. ಅನ್ನ ತಾನೇ ಬೇಯುವುದಿಲ್ಲ, ತರಕಾರಿ ತಾನೇ ಹೆಚ್ಚಿಕೊಳ್ಳುವುದಿಲ್ಲ. ಸಂಜೆಯ ಒಂದು ಪಾಲು ಒಲೆಗೆ ಹೋಗಿಯೇ ತೀರುತ್ತದೆ.

ನನ್ನ ತಂಗಿಯ ಮಗಳ ವಿಷಯದಲ್ಲಿ ಈ ಸಂಗತಿ ಇನ್ನೂ ಹತ್ತಿರದಿಂದ ಕಂಡಿತು. ಅವರದು ಕಂಪ್ಲಿ. ಅಪ್ಪ ಗದ್ದೆ ಮಾಡುವವರು. ಕಾಲುವೆಗೆ ನೀರು ಬಿಟ್ಟರೆ ಮನೆಯವರೆಲ್ಲರಿಗೂ ಕೈತುಂಬ ಕೆಲಸ. ಹುಡುಗಿಗೆ ಹೊಸಪೇಟೆಯಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತು. ಹಾಸ್ಟೆಲಿಗೆ ಅರ್ಜಿ ಹಾಕೋಣ ಎಂದಾಗ ಭಾವ ಹೇಳಿದ್ದು: "ಬಸ್ಸು ಪುಕ್ಕಟೆ ಐತಿ. ಮ್ಯಾಲ ಹಾಸ್ಟೆಲ್ ಯಾಕ ಬೇಕು?"

ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಯಾದಂದಿನಿಂದ ಈ ಮಾತು ನಮ್ಮ ಭಾಗದಲ್ಲಿ ಮನೆ ಮನೆಯಲ್ಲೂ ಕೇಳುತ್ತದೆ. ಯೋಜನೆಯ ಮೇಲೆ ನನಗೆ ತಕರಾರಿಲ್ಲ. ಟಿಕೆಟಿನ ನೆಪ ಹೇಳಿ ಓದು ಬಿಡಿಸುವುದು ಈಗ ಕಷ್ಟ. ಅಣ್ಣನ ಕೈ ಕಾಯದೆ, ಅಪ್ಪನ ಜೇಬು ನೋಡದೆ ಹುಡುಗಿಯೊಬ್ಬಳು ಆಧಾರ್ ಕಾರ್ಡ್ ತೋರಿಸಿ ಬಸ್ ಹತ್ತುವುದೆಂದರೆ ಸಣ್ಣ ಸಂಗತಿಯಲ್ಲ. ಆದರೆ ದಾರಿ ಪುಕ್ಕಟೆಯಾದ ಕಾರಣಕ್ಕೇ ಹಾಸ್ಟೆಲ್ ಕೇಳುವ ಅವಳ ಬಾಯಿ ಕಟ್ಟಿಹೋಯಿತಲ್ಲ, ಅದನ್ನು ಯಾರೂ ನೆನೆಸಿರಲಿಲ್ಲ. ಮೊದಲಾದರೆ 'ದಿನಾ ಓಡಾಡುವ ಖರ್ಚಿಗಿಂತ ಹಾಸ್ಟೆಲೇ ವಾಸಿ' ಎಂದು ವಾದಿಸಬಹುದಿತ್ತು. ಈಗ ಆ ವಾದವೇ ಕುಸಿದುಬಿತ್ತು.

ಅವಳ ದಿನ ಹೀಗಿತ್ತು. ಐದಕ್ಕೆ ಏಳುವುದು. ಏಳರ ಹೊತ್ತಿಗೆ ಬಸ್‌ಸ್ಟ್ಯಾಂಡು. ರಾಮಸಾಗರ, ಬುಕ್ಕಸಾಗರ, ಕಮಲಾಪುರ ಎಂದು ಜನ ಹತ್ತುತ್ತಲೇ ಇರುವ ಬಸ್ಸು. ನಾಲ್ಕೂವರೆಗೆ ಪ್ರಾಕ್ಟಿಕಲ್ ಮುಗಿದರೆ ಮತ್ತೆ ಅದೇ ದಾರಿ. ಮನೆ ಮುಟ್ಟಿದಾಗ ಆರೂವರೆ. ಬ್ಯಾಗ್ ಇಡುತ್ತಿದ್ದಂತೆ ಅವ್ವನ ದನಿ: "ಎರಡು ರೊಟ್ಟಿ ತಟ್ಟಿ ಓದ್ಕಾ ಹೋಗವ್ವ." ಆ ಎರಡು ಯಾವತ್ತೂ ಎರಡಕ್ಕೆ ನಿಲ್ಲುತ್ತಿರಲಿಲ್ಲ. ರೊಟ್ಟಿ ಮುಗಿದರೆ ಮುಸುರೆ, ಮುಸುರೆ ಮುಗಿದರೆ ಅಜ್ಜಿಯ ಮಾತ್ರೆ, ಅಷ್ಟೊತ್ತಿಗೆ ಯಾರೋ ನೆಂಟರು, ಅವರಿಗೆ ಚಾ. ರೆಕಾರ್ಡ್ ಬುಕ್ ಬಿಚ್ಚುವಾಗ ಹತ್ತು. ಅವಳ ತಮ್ಮ ಐಟಿಐಗೆಂದು ಅದೇ ರಸ್ತೆಯಲ್ಲಿ ಓಡಾಡುತ್ತಾನೆ. ಅವನೂ ಆರೂವರೆಗೇ ಬರುತ್ತಾನೆ. ಬಂದವನೇ ಮುಖ ತೊಳೆದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಲು ಗೆಳೆಯರ ಜೊತೆ ಹೊರಡುತ್ತಾನೆ. ಎಂಟಕ್ಕೆ ಬಂದು ಓದಲು ಕೂತರೆ ಮನೆಯವರೇ ಟಿವಿ ಸಣ್ಣ ಮಾಡುತ್ತಾರೆ. ಒಂದೇ ಮನೆ, ಒಂದೇ ದೂರ. ಸಂಜೆ ಮಾತ್ರ ಅವನಿಗೆ ಒಂದು ಥರ, ಅವಳಿಗೆ ಇನ್ನೊಂದು ಥರ.

ಅವಳು ನನ್ನೆದುರು ದೂರು ಹೇಳಿದವಳಲ್ಲ. ಒಮ್ಮೆ ಮಾತ್ರ, "ಮಾವ, ಬಸ್ನಾಗ ನಿಂತ್ಕಂಡು ಬರೋದು ಏನ್ ದೊಡ್ಡದಲ್ಲ. ಮನೀಗೆ ಬಂದ ಮ್ಯಾಲ ಕೂತ್ಕಳ್ಳಾಕ ಆಗಲ್ಲ ನೋಡ್ರಿ, ಅದು ಕಷ್ಟ" ಎಂದಳು. ನನ್ನ ತಂಗಿ ಕೆಟ್ಟವಳಲ್ಲ. ಮಗಳು ಓದಲಿ ಎಂದು ಗಂಡನ ಜೊತೆ ಜಗಳವಾಡಿದವಳು ಅವಳೇ. ಆದರೆ ಕಣ್ಣೆದುರು ಮಗಳಿದ್ದಾಳೆ, ಕೈ ಖಾಲಿ ಇದೆ, ಕರೆಯದಿರುವುದು ಹೇಗೆ? ಮನೆ ಎಂಬುದು ಯಾರನ್ನೂ, ಅದರಲ್ಲೂ ಹೆಣ್ಣುಮಗಳನ್ನು, ಸುಮ್ಮನೆ ಕೂತಿರಲು ಬಿಡುವುದಿಲ್ಲ. ಪ್ರೀತಿ ಇಲ್ಲವೆಂದಲ್ಲ, ಕೆಲಸ ಇದೆಯೆಂದು.

ರೂಮು ಮಾಡಿಕೊಂಡು ಓದುವ ಹುಡುಗರ ಲೋಕಕ್ಕೆ ಬಂದರೆ ಇದೇ ಸಂಗತಿಯ ಇನ್ನೊಂದು ಮಗ್ಗುಲು ಕಾಣುತ್ತದೆ. ಉತ್ತರ ಕರ್ನಾಟಕದ ಯಾವ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ನಿಂತರೂ ಈ ನೋಟ ಸಿಗುತ್ತದೆ. ಹಳ್ಳಿಯಿಂದ ಬಂದ ಬಸ್ಸಿನ ಡ್ರೈವರ್ ಪಕ್ಕ, ಎಂಜಿನ್ ಮೇಲೆ, ಬಟ್ಟೆಯಲ್ಲಿ ಕಟ್ಟಿದ ಬುತ್ತಿಗಳ ಸಾಲು. ಯಾವ ಗಂಟು ಯಾರದೆಂದು ಬಟ್ಟೆಯ ಬಣ್ಣ ನೋಡಿಯೇ ಗೊತ್ತು. ಬಸ್ಸು ನಿಲ್ಲುತ್ತಲೇ ಹುಡುಗರು ಮುತ್ತುತ್ತಾರೆ, ತಮ್ಮ ತಮ್ಮ ಗಂಟು ಎತ್ತಿಕೊಂಡು ನಿನ್ನೆಯ ಖಾಲಿ ಡಬ್ಬಿಯನ್ನು ಅಲ್ಲೇ ಇಟ್ಟು ಹೋಗುತ್ತಾರೆ. ಬಿಚ್ಚಿದರೆ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೂಲೆಯಲ್ಲಿ ಮಡಿಸಿಟ್ಟ ಐವತ್ತರ ನೋಟು. ಈ ಬುತ್ತಿಯ ಬಗ್ಗೆ ಭಾವುಕರಾಗಿ ಬರೆದವರು ಬಹಳ ಜನ. ತಾಯಿಯ ಮಮತೆ ಎಂದು ಎಲ್ಲರೂ ಹೇಳುತ್ತೇವೆ. ನನಗೆ ಅಲ್ಲಿ ಕಾಣುವುದು ಒಂದು ಲೆಕ್ಕ. ಹೊಸಪೇಟೆಯ ಓಣಿಯೊಂದರಲ್ಲಿ ಹುಡುಗನಿಗೆ ಸಂಜೆ ಬಿಡುವು ಸಿಗಲೆಂದು ಹಳ್ಳಿಯಲ್ಲಿ ತಾಯಿಯೊಬ್ಬಳು ತನ್ನ ನಸುಕಿನ ನಿದ್ದೆ ಕೊಟ್ಟಿದ್ದಾಳೆ. ಮಗಳಿಗಾಗಿ ಬುತ್ತಿ ಕಟ್ಟಿ ಬಸ್ಸಿಗೆ ಕೊಟ್ಟ ಮನೆಗಳನ್ನು ನಾನು ಕಂಡದ್ದು ಬಹಳ ಕಡಿಮೆ.

ಹಾಗಾದರೆ ಯಾರ ಸಂಜೆಯೂ ತಾನಾಗಿ ಖಾಲಿ ಇರುವುದಿಲ್ಲ. ಯಾರೋ ದುಡಿದು ಅದನ್ನು ಖಾಲಿ ಮಾಡಿಕೊಟ್ಟಿರುತ್ತಾರೆ. ಬುತ್ತಿಯ ಹುಡುಗನಿಗೆ ತಾಯಿ, ಪಿಜಿಯವನಿಗೆ ಅಪ್ಪನ ಸಂಬಳ, ಮಠದ ಹುಡುಗನಿಗೆ ಭಕ್ತರು ಹೊತ್ತು ತಂದ ಕಾಳು-ಕಡಿ. ಸರ್ಕಾರಿ ಹಾಸ್ಟೆಲಿನಲ್ಲಿ ಆ ಭಾರ ಹೊರುವುದು ಇಡೀ ನಾಡು. ಅದರ ದೊಡ್ಡತನ ಇರುವುದು ಇಲ್ಲಿಯೇ: ಯಾವ ಒಬ್ಬ ತಾಯಿಯನ್ನೂ ನಸುಕಿನಲ್ಲಿ ಎಬ್ಬಿಸದೆ ನೂರು ಮಕ್ಕಳಿಗೆ ಸಂಜೆ ಸಿಗುತ್ತದೆ. ಹಾಗೆಂದು ಅಲ್ಲೂ ಲೆಕ್ಕ ಪೂರ್ತಿ ಚುಕ್ತಾ ಆಗುವುದಿಲ್ಲ. ಅಡುಗೆಮನೆಯಲ್ಲಿ ಹೊರಗುತ್ತಿಗೆಯ ಮೇಲೆ ದುಡಿಯುವ ಹೆಂಗಸು ರಾತ್ರಿ ಊಟ ಬಡಿಸಿ, ಪಾತ್ರೆ ತೊಳೆದು ಮನೆಗೆ ಹೋಗಿ ಮತ್ತೊಮ್ಮೆ ಒಲೆ ಹಚ್ಚಬೇಕು. ಅವಳ ಮಕ್ಕಳ ಸಂಜೆಯ ಗತಿ ಏನೆಂದು ಕೇಳುವವರಿಲ್ಲ. ಹಾಸ್ಟೆಲಿನಲ್ಲಿ ಓದಿ ಮುಂದೆ ಬಂದವರು ಇಷ್ಟನ್ನಾದರೂ ಮರೆಯಬಾರದು.

ನಾನೂ ಹಾಸ್ಟೆಲ್ ಅನ್ನ ಉಂಡವನೇ. ಸಾರು ತೆಳ್ಳಗೆ, ಬೆಳಗಿನ ನೀರಿಗೆ ಬಕೆಟ್ಟುಗಳ ಸರದಿ, ಮಳೆ ಬಂದರೆ ಒಂದು ಮೂಲೆ ಸೋರುತ್ತಿತ್ತು. ಅವೆಲ್ಲ ಈಗ ನಗುವ ಮಾತು. ಇವತ್ತಿಗೂ ಕೆಲಸಕ್ಕೆ ಬರುತ್ತಿರುವುದು ಊಟದ ಸಾಲಿನಲ್ಲಿ ಕಲಿತದ್ದು. ಮೊದಲ ವಾರ ಹಡಗಲಿಯವರು ಹಡಗಲಿಯವರ ಪಕ್ಕ, ಕೂಡ್ಲಿಗಿಯವರು ಕೂಡ್ಲಿಗಿಯವರ ಪಕ್ಕ ಕೂರುತ್ತಿದ್ದರು. ಊರಿನ ನೆಪದಲ್ಲಿ ಜಾತಿಯೂ ಅಲ್ಲೇ ಕೂತಿರುತ್ತಿತ್ತು. ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಸಾಲು ಕಲಸಿಹೋಗಿತ್ತು. ಲೆಕ್ಕ ಬಲ್ಲವನ ಪಕ್ಕ ಲೆಕ್ಕ ಬಾರದವನು, ಹಾಡುವವನ ಪಕ್ಕ ಕೇಳುವವನು. ಮನೆಯಲ್ಲಿ ಯಾರ ತಟ್ಟೆಯ ಹತ್ತಿರ ಕೂರಬಾರದೆಂದು ಹೇಳಿಸಿಕೊಂಡು ಬಂದಿದ್ದೆವೋ ಅವರ ತಟ್ಟೆಯಿಂದಲೇ ಉಪ್ಪಿನಕಾಯಿ ಎತ್ತಿಕೊಳ್ಳುತ್ತಿದ್ದೆವು. ಇದನ್ನು ಯಾರೂ ಪಾಠ ಮಾಡಲಿಲ್ಲ.

ಸಮುದಾಯದ ಹಾಸ್ಟೆಲಿಗೆ ಸೇರಿಸುವಾಗ ತಂದೆತಾಯಿ ಇದನ್ನೊಂದು ಗಳಿಗೆ ಯೋಚಿಸಬೇಕು. ಆ ಹಾಸ್ಟೆಲುಗಳ ಋಣ ದೊಡ್ಡದು. ಸರ್ಕಾರ ಕಣ್ಣು ಬಿಡುವ ಮೊದಲೇ ಅನ್ನ ಹಾಕಿದವು. ಕಟ್ಟುನಿಟ್ಟು ಇರುತ್ತದೆ, ಗುರುತಿನವರು ಇರುತ್ತಾರೆ, ಅವ್ವನಿಗೆ ನೆಮ್ಮದಿ. ಆದರೆ ಊರಲ್ಲಿ ಹದಿನೆಂಟು ವರ್ಷ ಯಾರ ನಡುವೆ ಬೆಳೆದೆವೋ ಮತ್ತೆ ಅವರ ನಡುವೆಯೇ ಮೂರು ವರ್ಷ ಕಳೆಯಲು ಮನೆ ಬಿಟ್ಟು ಯಾಕೆ ಬರಬೇಕು? ಬೇರೆ ಸೀಟು ಸಿಗದಿದ್ದರೆ ಸೇರಲೇಬೇಕು, ಸರಿ. ಎರಡೂ ಸಿಕ್ಕಾಗ ನೆಮ್ಮದಿಯ ಕಡೆಗೇ ವಾಲುವುದು ಬೇಡ ಎಂಬುದು ನನ್ನ ಮಾತು.

ಬಿಡುವು ಕೊಟ್ಟರೆ ಮಕ್ಕಳು ಓದುತ್ತಾರೆಯೇ, ಮೊಬೈಲ್ ಹಿಡಿದು ರೀಲ್ಸ್ ನೋಡುತ್ತ ಕೂರುತ್ತಾರಲ್ಲ ಎಂದು ಯಾರಾದರೂ ಕೇಳಿದರೆ ಸುಳ್ಳೆನ್ನಲಾರೆ. ಸಂಜೆ ಪೋಲು ಮಾಡಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ತನ್ನದೇ ಸಂಜೆಯನ್ನು ಕಳೆದುಕೊಂಡವನು ಒಂದು ಸೆಮಿಸ್ಟರ್ ಆದಮೇಲೆ ರಿಸಲ್ಟ್ ನೋಡಿ ಎಚ್ಚರಗೊಳ್ಳುವುದುಂಟು. ಬೇರೆಯವರು ಬಳಸಿಕೊಂಡ ಸಂಜೆಯ ವಿಷಯದಲ್ಲಿ ಎಚ್ಚರವಾಗಿಯೂ ಪ್ರಯೋಜನವಿಲ್ಲ. ಹೊತ್ತನ್ನು ಆಳುವುದು ಕಲಿಯಬೇಕಾದರೆ ಮೊದಲು ಹೊತ್ತು ಕೈಯಲ್ಲಿರಬೇಕು.

ಹುಡುಗಿಯರ ಹಾಸ್ಟೆಲಿನಲ್ಲಿ ಇದಕ್ಕೊಂದು ತಡೆ ಇದೆ. ಎಷ್ಟೋ ಕಡೆ ಕತ್ತಲಾಗುವ ಮೊದಲೇ ಗೇಟು ಬೀಳುತ್ತದೆ, ಹುಡುಗರ ಹಾಸ್ಟೆಲಿನಲ್ಲಿ ಆ ಗಡಿಯಾರ ಬೇರೆ. ಲೈಬ್ರರಿ, ಕೋಚಿಂಗು, ನಾಟಕ, ಎಲ್ಲವೂ ಗೇಟಿನ ಆಚೆ ಉಳಿಯುತ್ತವೆ. ಸುರಕ್ಷತೆಯ ಭಯ ಸುಳ್ಳಲ್ಲ, ಒಪ್ಪೋಣ. ಗೇಟು ಹಾಕುವವರು ಒಳಗಿನ ಸಂಜೆಯನ್ನಾದರೂ ಅವರಿಗೆ ಪೂರ್ತಿ ಬಿಟ್ಟುಕೊಡಬೇಕು: ಕರೆಂಟು ಹೋದರೂ ಉರಿಯುವ ದೀಪವಿರುವ ಓದುವ ಕೋಣೆ, ಒಂದಿಷ್ಟು ಪುಸ್ತಕ, ಹರಟೆಗೆ ಒಂದು ಜಗುಲಿ. ಅದೂ ಇಲ್ಲದೆ ಮಂಚದ ಮೇಲೆ ಕೂರಿಸಿ ಬೀಗ ಹಾಕಿದರೆ ಮನೆಯಿಂದ ತಂದು ಬೇರೆ ಮನೆಯಲ್ಲಿ ಕೂರಿಸಿದಂತೆ, ಅಷ್ಟೇ.

ಇನ್ನು ಸೀನಿಯರ್‌ಗಳ ಮಾತು. ಮೊದಲ ವರ್ಷದವರ ಮನೆಯವರಿಗೆ ಎದೆ ಢವಗುಟ್ಟುವುದು ಇಲ್ಲಿ. ಯುಜಿಸಿ 2009ರಲ್ಲಿ ತಂದ ರ‍್ಯಾಗಿಂಗ್ ತಡೆ ನಿಯಮಗಳು ಹೊಸಬರನ್ನು ಸಾಧ್ಯವಾದಷ್ಟು ಬೇರೆ ಬ್ಲಾಕಿನಲ್ಲಿ ಇರಿಸಬೇಕೆನ್ನುತ್ತವೆ. ಸೇರುವ ಮೊದಲು ಅದನ್ನು ಕೇಳಿ ತಿಳಿಯುವುದು ತಪ್ಪಲ್ಲ. ಆದರೆ ಹಾಸ್ಟೆಲಿನಲ್ಲಿ ಸಿಗುವ ಬಹುಪಾಲು ತಿಳಿವಳಿಕೆ ಬರುವುದೂ ಸೀನಿಯರ್‌ಗಳಿಂದಲೇ. ಸ್ಕಾಲರ್‌ಶಿಪ್ಪಿಗೆ ಕೊನೆ ದಿನ ಯಾವುದು, ಸಂಡೂರಿನ ನಂದಿಹಳ್ಳಿ ಪಿಜಿ ಸೆಂಟರಿನಲ್ಲಿ ಯಾವ ಎಂ.ಎ. ಇದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಹೇಗೆ ಸೇರಬೇಕು, ನಮ್ಮ ಕಲ್ಯಾಣ ಕರ್ನಾಟಕದವರಿಗೆಂದಿರುವ 371(ಜೆ) ಪ್ರಮಾಣಪತ್ರ ಇಟ್ಟುಕೊಂಡರೆ ಎಲ್ಲೆಲ್ಲಿ ಉಪಯೋಗ ಎಂಬುದನ್ನೆಲ್ಲ ಯಾವ ಪ್ರಾಸ್ಪೆಕ್ಟಸ್ಸೂ ಹೇಳುವುದಿಲ್ಲ. ರಾತ್ರಿ ಊಟವಾದ ಮೇಲೆ ಮೆಟ್ಟಿಲ ಮೇಲೆ ಕೂತಾಗ ಎರಡನೇ ವರ್ಷದವರು ಹೇಳುತ್ತಾರೆ. ದಿನಾ ಬಸ್ಸು ಹಿಡಿಯುವವರಿಗೆ ತಪ್ಪಿಹೋಗುವುದು ಪಾಠಕ್ಕಿಂತ ಹೆಚ್ಚಾಗಿ ಈ ಮೆಟ್ಟಿಲ ಮಾತು.

ಆದ್ದರಿಂದ ಹಾಸ್ಟೆಲೋ ಪಿಜಿಯೋ ನೋಡಲು ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಬೆಳಿಗ್ಗೆ ಹನ್ನೊಂದಕ್ಕೆ ಹೋಗಬೇಡಿ. ಆಗ ಎಲ್ಲ ಹಾಸ್ಟೆಲುಗಳೂ ಚೆನ್ನಾಗಿಯೇ ಕಾಣುತ್ತವೆ. ಮಕ್ಕಳು ಕಾಲೇಜಿಗೆ ಹೋಗಿರುತ್ತಾರೆ, ನೆಲ ಒರೆಸಿರುತ್ತದೆ, ವಾರ್ಡನ್ ಬಿಡುವಾಗಿರುತ್ತಾರೆ. ಸಂಜೆ ಏಳಕ್ಕೆ ಹೋಗಿ. ಆಗ ಮಕ್ಕಳು ಎಲ್ಲಿ ಕೂತಿದ್ದಾರೆ, ಕೂರಲು ಜಾಗ ಇದೆಯೇ, ಬೆಳಕು ಪುಸ್ತಕದ ಮೇಲೆ ಬೀಳುತ್ತದೆಯೋ ಗೋಡೆಯ ಮೇಲೋ, ನಲ್ಲಿ ತಿರುಗಿಸಿದರೆ ನೀರು ಬರುತ್ತದೆಯೇ ನೋಡಿ. ವಾರ್ಡನ್ ಹತ್ತಿರ ಎರಡು ಮಾತಾಡಿ, ಎರಡನೇ ವರ್ಷದವರ ಹತ್ತಿರ ಹತ್ತು ಮಾತಾಡಿ. ಹುಷಾರಿಲ್ಲದಾಗ ಆಸ್ಪತ್ರೆಗೆ ಯಾರು ಕರೆದೊಯ್ದರು ಎಂದು ಕೇಳಿ. ಆ ಒಂದು ಉತ್ತರದಲ್ಲಿ ಅಲ್ಲಿನ ಅರ್ಧ ಗುಟ್ಟು ಸಿಗುತ್ತದೆ. ಲಿಸ್ಟಿನಲ್ಲಿ ಬಂದದ್ದನ್ನೇ ಒಪ್ಪಬೇಕಾದವರೂ ಒಳಗೆ ಕೆಲವನ್ನು ಆರಿಸಿಕೊಳ್ಳಬಹುದು: ಯಾರ ಪಕ್ಕ ಊಟಕ್ಕೆ ಕೂರುವುದು, ಯಾವ ಹೊತ್ತು ಮೊಬೈಲ್ ಎತ್ತಿಡುವುದು, ಯಾವ ಸೀನಿಯರ್ ಹತ್ತಿರ ಅನುಮಾನ ಕೇಳುವುದು.

ತಂಗಿಯ ಮಗಳಿಗೆ ಎರಡನೇ ಲಿಸ್ಟಿನಲ್ಲಿ ಸೀಟು ಸಿಕ್ಕಿತು. ಅರ್ಜಿಗೆ ಭಾವ ಕೊನೆಗೂ ಒಪ್ಪಿದ್ದು ನನ್ನ ಭಾಷಣಕ್ಕಲ್ಲ. ಬಸ್ಸು ಕೆಟ್ಟು ಮಗಳು ರಾತ್ರಿ ಒಂಬತ್ತಕ್ಕೆ ಮನೆ ಸೇರಿದ ಒಂದು ದಿನದ ಗಾಬರಿಗೆ. ಭಯದಿಂದ ಬಂದ ಒಪ್ಪಿಗೆಯಾದರೂ ಒಪ್ಪಿಗೆಯೇ. ಈಗ ಕಂಪ್ಲಿಯ ಮನೆಯಲ್ಲಿ ಸಂಜೆಯ ರೊಟ್ಟಿಯನ್ನು ತಂಗಿಯೊಬ್ಬಳೇ ತಟ್ಟುತ್ತಾಳೆ, ಸೊಂಟ ನೋವೆಂದು ಗೊಣಗುತ್ತಾಳೆ. ಮೊನ್ನೆ ಮಗನಿಗೆ "ನೀನಾದ್ರೂ ಒಂದೆರಡು ಪಾತ್ರೆ ತೊಳಿ" ಎಂದಳಂತೆ. ತೊಳೆದನಂತೆ, ಮುಖ ಊದಿಸಿಕೊಂಡು. ಮಗಳು ಮನೆಯಲ್ಲಿದ್ದಷ್ಟು ದಿನ ಈ ಮಾತು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಹುಡುಗಿಯೊಬ್ಬಳು ಹಾಸ್ಟೆಲಿಗೆ ಹೋದರೆ ಅವಳ ಸಂಜೆ ಅವಳಿಗೆ ಸಿಗುವುದಷ್ಟೇ ಅಲ್ಲ, ಹಿಂದೆ ಉಳಿದ ಮನೆಯೂ ತನ್ನ ಕೆಲಸಗಳನ್ನು ಹೊಸದಾಗಿ ಹಂಚಿಕೊಳ್ಳಬೇಕಾಗುತ್ತದೆ. ಮುಂದಿನ ಜೂನಿನಲ್ಲಿ ಪಾಸು, ರೂಮು, ಹಾಸ್ಟೆಲುಗಳ ಲೆಕ್ಕ ಹಾಕಲು ಕೂರುವ ಅಪ್ಪಂದಿರು ತಮ್ಮ ಪಟ್ಟಿಗೆ ಇದನ್ನೂ ಒಂದು ಸಾಲಾಗಿ ಸೇರಿಸಿಕೊಳ್ಳಲಿ: ಮಗಳ ಸಂಜೆಗೆ ಬೆಲೆ ಎಷ್ಟು, ಇಷ್ಟು ದಿನ ಅದನ್ನು ಯಾರು ಬಳಸಿಕೊಳ್ಳುತ್ತಿದ್ದರು?